ಹಾಲೇಶಪ್ಪನ ಡೆಮೊ ಹಿಮ್ಮಡಿ

ನಮ್ಮ ಬೀದಿಯ ಹುಡುಗಿಯೊಬ್ಬಳು ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿ, ಕೆಲಸಕ್ಕೆ ಸೇರುವ ಮುನ್ನ ನನ್ನ ಹತ್ತಿರ ಬಂದು, "ಆಂಟಿ, ನಿಮ್ಮ ಅನುಭವ ಹೇಳ್ರಿ" ಎಂದಳು. ಕಾಫಿ ಕೊಟ್ಟು ಕಳಿಸಿದೆ. ಅನುಭವ ಕೇಳಿದವರಿಗೆ ನಾವು ಹೇಳುವುದೆಲ್ಲ ನಮ್ಮ ಜಾಣತನದ ಕಥೆಗಳು. ನನ್ನ ಜಾಣತನ ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಮುಗಿದುಹೋಗುತ್ತದೆ. ದಡ್ಡತನ ಹೇಳಬೇಕಾದರೆ ಕೂತು ಬರೆಯಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಮೂವತ್ತು ವರ್ಷ ಜನರ ಬೆರಳು ಚುಚ್ಚಿದ್ದೇನೆ. ಚನ್ನಗಿರಿಯ ಸುತ್ತಮುತ್ತ ನನ್ನನ್ನು ಹೆಸರು ಹಿಡಿದು ಕರೆದವರು ಕಡಿಮೆ, 'ಸೂಜಿ ಮೇಡಂ' ಎಂದವರೇ ಹೆಚ್ಚು. ಕೊನೆಯ ಒಂಬತ್ತು ವರ್ಷ ಒಂದು ಟ್ರಸ್ಟಿನ ಸಂಚಾರಿ ಆರೋಗ್ಯ ವ್ಯಾನಿನಲ್ಲಿದ್ದೆ. ಟ್ರಸ್ಟಿನ ಹೆಸರು ಬೇಡ, ಈಗ ಟ್ರಸ್ಟೂ ಇಲ್ಲ, ವ್ಯಾನೂ ಇಲ್ಲ. ಸೋಮವಾರ ಚನ್ನಗಿರಿ, ಮಂಗಳವಾರ ಹೊನ್ನಾಳಿ, ಬುಧವಾರ ನ್ಯಾಮತಿ, ಗುರುವಾರ ಜಗಳೂರು, ಶುಕ್ರವಾರ ಯಾವುದಾದರೊಂದು ಹಳ್ಳಿ. ನಡುವೆ ಒಂದು ಬಡ್ತಿಯೂ ಬಂತು. ಸ್ಟೂಲ್ ಹೋಗಿ ಕುರ್ಚಿ ಬಂತು, ಕುರ್ಚಿ ವ್ಯಾನಿನೊಳಗೆ ಹಿಡಿಸಲಿಲ್ಲ, ಮತ್ತೆ ಸ್ಟೂಲ್ ಬಂತು. ಬಡ್ತಿಯ ವಿಷಯ ಇಷ್ಟು ಸಾಕು.

ಈಗಿನವರಿಗೆ ರಕ್ತ ನೋಡುವುದು ಸಲೀಸು. ಒಂದು ಹನಿ ಪಟ್ಟಿಯ ಮೇಲೆ ಬಿಟ್ಟರೆ ಯಂತ್ರವೇ ಅಂಕಿ ಹೇಳುತ್ತದೆ. ನಾವು ಕಲಿತದ್ದು ಗಾಜಿನ ಕೊಳವೆಯಲ್ಲಿ. ರಕ್ತಕ್ಕೆ ಆಮ್ಲ ಸೇರಿಸಿದರೆ ಅದು ಕಂದಾಗುತ್ತದೆ. ಪಕ್ಕದಲ್ಲಿರುವ ಕಂದು ಗಾಜಿನ ಬಣ್ಣಕ್ಕೆ ಸರಿಹೊಂದುವ ತನಕ ಹನಿಹನಿ ನೀರು ಬೆರೆಸುತ್ತ ಹೋಗಬೇಕು. ಎಷ್ಟು ಹೆಚ್ಚು ನೀರು ಹಿಡಿಯಿತೋ ಅಷ್ಟು ಒಳ್ಳೆಯ ರಕ್ತ. ವ್ಯಾನಿಗೆ ಸೇರುವ ಮುಂಚೆ ಒಮ್ಮೆ ಉಬ್ರಾಣಿಯ ಕಡೆ ಶಿಬಿರ ಮಾಡಿದಾಗ, ಯಾರದೋ ಮದುವೆಗೆ ಹಾಕಿದ್ದ ಕೆಂಪು ಶಾಮಿಯಾನ ಇನ್ನೂ ಬಿಚ್ಚಿರಲಿಲ್ಲ. ನೆರಳು ಚೆನ್ನಾಗಿದೆ ಎಂದು ನಾನು ಅದರಡಿ ಕೂತೆ. ಆ ಕೆಂಪು ಬೆಳಕಿನಲ್ಲಿ ಕೊಳವೆಗೆ ಎಷ್ಟು ನೀರು ಹಾಕಿದರೂ ಬಣ್ಣ ತೆಳುವಾಗಲೇ ಇಲ್ಲ. ಊರಿನ ಹೆಂಗಸರಿಗೆಲ್ಲ ಪೈಲ್ವಾನರ ರಕ್ತ ಎಂದು ಬರೆದುಕೊಂಡು, ಶಹಬ್ಬಾಸ್ ಎಂದು ಹೇಳಿ ಬಂದೆ. ಅನುಮಾನ ಬಂದು ಮುಂದಿನ ವಾರ ಮತ್ತೆ ಹೋಗಿ ಬಯಲಿನಲ್ಲಿ ಕೂತು ನೋಡಿದರೆ ಅರ್ಧ ಊರಿಗೆ ರಕ್ತಹೀನತೆ. ಒಬ್ಬ ಅಜ್ಜಿ ಸೊಂಟಕ್ಕೆ ಕೈಯಿಟ್ಟು ಎದುರು ನಿಂತಳು.

"ಹೋದ ವಾರ ಎಲ್ಲಾ ಐತೆ ಅಂದ್ರಿ, ಈ ವಾರ ಇಲ್ಲ ಅಂತೀರಿ. ನಡುವೆ ಬಂದು ರಕ್ತ ತಗಂಡೋದವ್ರು ನೀವೊಬ್ರೇ. ಏನ್ ಮಾಡಿದ್ರಿ ಅದನ್ನ?"

ಶಾಮಿಯಾನದ ವಿಷಯ ಹೇಳಿದರೆ ಹುಚ್ಚಿ ಅಂದಾರು ಎಂದು ಸುಮ್ಮನೆ ಮಾತ್ರೆ ಹಂಚಿ ಬಸ್ಸು ಹತ್ತಿದೆ.

ವ್ಯಾನಿನ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಎರಡು ಕಿಟಕಿ. ಎಡಗಡೆ ರಕ್ತದ ಕಿಟಕಿ, ಅಲ್ಲಿ ನಾನು. ಬಲಗಡೆ ಎಲುಬಿನ ಕಿಟಕಿ, ಅಲ್ಲಿ ನಮ್ಮ ಡಾಕ್ಟರು. ಅವರು ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಬಂದ ಎಲುಬಿನ ಡಾಕ್ಟರು, ಆರಡಿ ಆಳು, ಗಟ್ಟಿ ಧ್ವನಿ. ಅವರ ಹತ್ತಿರ ಹಿಮ್ಮಡಿ ನೋಡುವ ಯಂತ್ರವಿತ್ತು. ಹಿಮ್ಮಡಿಗೆ ತಣ್ಣನೆಯ ಜೆಲ್ ಹಚ್ಚಿ ಕಾಲನ್ನು ಒಳಗಿಟ್ಟರೆ, ಶಬ್ದದ ಅಲೆ ಹಾಯಿಸಿ ಎಲುಬು ಎಷ್ಟು ಗಟ್ಟಿ ಎಂದು ಒಂದು ಚೀಟಿ ಕೊಡುತ್ತಿತ್ತು. ಚೀಟಿಯಲ್ಲಿ ಮೈನಸ್ ಎರಡೂವರೆಗಿಂತ ಕೆಳಗೆ ಬಂದರೆ ಎಲುಬು ಸವೆದಿರಬಹುದು, ದೊಡ್ಡ ಆಸ್ಪತ್ರೆಗೆ ಹೋಗಿ ಸರಿಯಾಗಿ ನೋಡಿಸಿಕೊಳ್ಳಬೇಕು ಎಂದರ್ಥ.

ನನ್ನ ಕಿಟಕಿಯ ಮುಂದೆ ನೊಣವೂ ಇರುತ್ತಿರಲಿಲ್ಲ. ಅವರ ಕಿಟಕಿಯ ಮುಂದೆ ಜಾತ್ರೆ. ಚನ್ನಗಿರಿಯ ಅಡಿಕೆ ವ್ಯಾಪಾರಿಗಳು ಸಾಬೂನು ಹಾಕಿ ಕಾಲು ತೊಳೆದುಕೊಂಡು, ಪಂಚೆ ಎತ್ತಿ ಹಿಡಿದು ಬರುತ್ತಿದ್ದರು. ಒಂದು ಹನಿ ರಕ್ತ ಕೊಡಿ ಎಂದರೆ, "ಅದೆಲ್ಲ ಬ್ಯಾಡ್ರಿ ಮೇಡಂ, ಎಲುಬೊಂದು ನೋಡಿಬಿಡ್ರಿ" ಎನ್ನುತ್ತಿದ್ದರು. ಹೊನ್ನಾಳಿಯಲ್ಲಿ ಒಬ್ಬರು ತಮ್ಮ ಚೀಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರು. ಜಗಳೂರಿನಲ್ಲಿ ಒಬ್ಬಾಕೆ ಒಂದೇ ದಿನ ಮೂರು ಹೆಸರಿನಲ್ಲಿ ಮೂರು ಸಲ ಬಂದಳು. ಮೂರನೆಯ ಸಲ ಡಾಕ್ಟರು ಕಾಲು ನೋಡಿಯೇ ಗುರುತು ಹಿಡಿದು ಗದರಿದರು.

"ಬೈಬ್ಯಾಡ್ರಿ ಸಾರ್," ಎಂದಳು ಆಕೆ. "ಒಡೆದ ಹಿಮ್ಮಡಿಗೆ ನಿಮ್ಮ ಮುಲಾಮು ಭಾಳ ಚಲೋ ಐತೆ. ನಮ್ಮತ್ತೆಗೂ ಒಂಚೂರು ಕೊಡ್ರಿ, ಡಬ್ಬಿ ತಂದೀನಿ."

ಆಮೇಲೆ ಗೊತ್ತಾಯಿತು, ಅರ್ಧ ಜಗಳೂರು ಎಲುಬು ನೋಡಿಸಿಕೊಳ್ಳಲು ಅಲ್ಲ, ಜೆಲ್ ಹಚ್ಚಿಸಿಕೊಳ್ಳಲು ಬರುತ್ತಿತ್ತು. ಡಾಕ್ಟರಿಗೆ ಒಂದು ವಾರ ಊಟ ಸೇರಲಿಲ್ಲ.

ಹಾಗಿದ್ದರೂ ಕೆಲವರು ಎರಡೂ ಕಿಟಕಿಗೆ ಬರುತ್ತಿದ್ದರು. ನನ್ನದು ಗುಲಾಬಿ ಚೀಟಿ, ಅವರದು ಬಿಳಿ ಚೀಟಿ. ವರ್ಷ ಕಳೆದಂತೆ ನನಗೊಂದು ವಿಷಯ ಕಾಣತೊಡಗಿತು. ಗುಲಾಬಿಯಲ್ಲಿ ಅಂಕಿ ಕಡಿಮೆ ಇದ್ದ ಎಷ್ಟೋ ಜನರಿಗೆ ಬಿಳಿಯಲ್ಲೂ ಕಡಿಮೆ. ನಾನು ಅಂಥವರ ಎರಡೂ ಚೀಟಿ ಸೇರಿಸಿ ಪಿನ್ ಹೊಡೆಯತೊಡಗಿದೆ. ಸಂಜೆ ಡಾಕ್ಟರು ಕಟ್ಟು ಬಿಚ್ಚಿ ನೋಡಿ ಕಿಡಿಕಿಡಿಯಾದರು.

"ರಕ್ತದ ವರದಿ ಒಂದು ಆಫೀಸಿಗೆ ಹೋಗುತ್ತೆ, ಎಲುಬಿನ ವರದಿ ಇನ್ನೊಂದು ಆಫೀಸಿಗೆ. ಪಿನ್ ಹೊಡೆದದ್ದನ್ನು ಯಾವ ಆಫೀಸಿಗೆ ಕಳಿಸಲಿ?"

"ಆದ್ರೆ ಮನುಷ್ಯ ಒಬ್ರೇ ಅಲ್ವಾ ಸಾರ್?" ಎಂದೆ.

"ಫಾರಂ ಎರಡು," ಎಂದರು.

ಅವರಿಗೆ ತಿಳಿಯದ ವಿಷಯವೇನಲ್ಲ. ನನಗೆ ಪಾಠ ಹೇಳಿಕೊಟ್ಟವರೂ ಅವರೇ. ಎಲುಬಿನೊಳಗೆ ಮಜ್ಜೆ ಇದೆ, ರಕ್ತ ಹುಟ್ಟುವುದೇ ಅಲ್ಲಿ. ಎಲುಬೂ ಸುಮ್ಮನೆ ಕೂತಿರುವುದಿಲ್ಲ, ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಿಕೊಳ್ಳುತ್ತಲೇ ಇರುತ್ತದೆ. ಆ ಕೆಲಸಕ್ಕೆ ಆಮ್ಲಜನಕ ಹೊತ್ತು ತರುವುದು ರಕ್ತ. ಸುಣ್ಣದಂಶ ಹಿಡಿದು ನಿಲ್ಲುವ ನಾರಿನ ಬಲೆ ಹೆಣೆಯಲು ಕಬ್ಬಿಣದಂಶ ಬೇಕು. ಕೆಲವರಲ್ಲಿ ಒಂದೇ ಕಾರಣ ಎರಡನ್ನೂ ತಿನ್ನುತ್ತಿರುತ್ತದೆ: ಒಳಗೊಳಗೇ ಸೋರುವ ರಕ್ತ, ಕೆಟ್ಟ ಮೂತ್ರಪಿಂಡ, ಉಂಡದ್ದನ್ನು ಹೀರದ ಕರುಳು. ರಕ್ತ ಕಡಿಮೆ ಇದ್ದವರೆಲ್ಲರ ಎಲುಬೂ ಸವೆದಿರುತ್ತದೆ ಎಂದಲ್ಲ. ಆದರೆ ವಯಸ್ಸಾದವರಲ್ಲಿ ಎರಡೂ ಒಟ್ಟಿಗೆ ಇಳಿದರೆ ಮಾತ್ರೆ ಕೊಟ್ಟು ಕಳಿಸಬಾರದು, ಕಾರಣ ಹುಡುಕಬೇಕು. ಇದೆಲ್ಲ ಗೊತ್ತಿದ್ದ ಡಾಕ್ಟರು ಫಾರಮ್ಮಿಗೆ ಮಾತ್ರ ಹೆದರುತ್ತಿದ್ದರು. ನಾನು ಸಂಜೆ ಕೂತು ಪಿನ್ ಕೀಳುತ್ತಿದ್ದೆ.

ಮಾತ್ರೆಯ ಕಥೆಯೂ ಹೀಗೇ. ನನ್ನ ಕಿಟಕಿಯಲ್ಲಿ ಕಬ್ಬಿಣದ ಕೆಂಪು ಮಾತ್ರೆ, ಅವರ ಕಿಟಕಿಯಲ್ಲಿ ಕ್ಯಾಲ್ಸಿಯಂನ ಬಿಳಿ ಮಾತ್ರೆ. ಎರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ ನುಂಗಬೇಕು, ಇಲ್ಲದಿದ್ದರೆ ಬಿಳಿಯದು ಕೆಂಪನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಾವು ಕಿಟಕಿಗೊಬ್ಬರಂತೆ ಕೂತಿದ್ದರಿಂದ ಈ ಮಾತನ್ನು ಇಬ್ಬರೂ ಹೇಳಲಿಲ್ಲ. ಜನ ಎರಡನ್ನೂ ಒಂದೇ ಅಂಗೈಯಲ್ಲಿ ಹಿಡಿದು, ಎದುರಿನ ಅಂಗಡಿಗೆ ಹೋಗಿ, ಚಹಾದ ಜೊತೆ ಗುಟುಕರಿಸುತ್ತಿದ್ದರು. ಚಹಾ ಕೂಡ ಕಬ್ಬಿಣಕ್ಕೆ ಅಡ್ಡಗಾಲು. ನಾನು ಅದೇ ಅಂಗಡಿಯಲ್ಲಿ ಚಹಾ ಕುಡಿಯುತ್ತ ಇದನ್ನೆಲ್ಲ ಎರಡು ವರ್ಷ ನೋಡಿದೆ, ಆಮೇಲೆ ನನ್ನ ತಲೆಗೆ ಹೊಳೆಯಿತು.

ಈಗ ಹಾಲೇಶಪ್ಪ. ನಮ್ಮ ವ್ಯಾನಿನ ಡ್ರೈವರ್. ಐವತ್ತು ದಾಟಿದ ಆಳು, ಹುರಿ ಮಾಡಿದ ಮೀಸೆ, ಖಾಕಿ ಅಂಗಿ. ಆ ವ್ಯಾನಿನ ಮೂರನೆಯ ಗೇರು ಬೀಳುತ್ತಿದ್ದದ್ದು ಅವನ ಕೈಗೆ ಮಾತ್ರ. ಬೇರೆ ಯಾರು ಕೂತರೂ ಗಾಡಿ ಕೆಮ್ಮಿ ನಿಲ್ಲುತ್ತಿತ್ತು. ಅವನಿಗೆ ಅದೇ ಹೆಮ್ಮೆ, ಅದೇ ಬದುಕು. "ಈ ಗಾಡಿ ಬಿಡ್ಸಿದ್ರೆ ನಾನು ಬರೀ ಮೀಸೆ ಆಗ್ತೀನಿ ಮೇಡಂ" ಎಂದು ಒಮ್ಮೆ ಹೇಳಿದ್ದ.

ಪ್ರತಿ ಶಿಬಿರದಲ್ಲೂ ಮೊದಲು ಜನ ಹಿಂಜರಿಯುತ್ತಿದ್ದರು. ಯಂತ್ರ ಕಾಲು ಕಚ್ಚಿ ಹಿಡಿದರೆ ಎಂಬ ಭಯ. ಆಗ ಡಾಕ್ಟರು, "ಹಾಲೇಶಪ್ಪಾ!" ಎಂದು ಕೂಗುತ್ತಿದ್ದರು. ಅವನು ಚಪ್ಪಲಿ ಬಿಟ್ಟು ಬಂದು ಹಿಮ್ಮಡಿಯನ್ನು ಒಳಗಿಡುತ್ತಿದ್ದ. ಚೀಟಿ ಬಂದ ಮೇಲೆ ಡಾಕ್ಟರು ಅದನ್ನು ಹರಿದು, ಜನರ ಕಡೆ ತಿರುಗಿಸಿ ಎತ್ತಿ ಹಿಡಿದು, "ನೋಡಿ, ಇಷ್ಟೇ! ನೋವಿಲ್ಲ, ಏನಿಲ್ಲ!" ಎನ್ನುತ್ತಿದ್ದರು. ಅಂಕಿಯ ಮುಖ ಜನರ ಕಡೆಗೆ, ಬರೀ ಬೆನ್ನು ನಮ್ಮ ಕಡೆಗೆ. ಆಮೇಲೆ ಅದು ಹಾಲೇಶಪ್ಪನ ಜೇಬಿಗೆ. ಡೆಮೊ ಚೀಟಿಯನ್ನು ರಿಜಿಸ್ಟರಿಗೆ ಹತ್ತಿಸುವಂತಿರಲಿಲ್ಲ. ಅವನು ಅದರ ಬೆನ್ನಿನ ಮೇಲೆ ಗಾಡಿಯ ಕಿಲೋಮೀಟರ್ ಬರೆದುಕೊಳ್ಳುತ್ತಿದ್ದ. ಎಂಟು ವರ್ಷ, ವಾರಕ್ಕೆ ಐದು ದಿನ.

ಅವನಿಗೊಂದು ಚಟವಿತ್ತು, ಬಳಪ ತಿನ್ನುವುದು. ಶಾಲೆಯ ಮಕ್ಕಳು ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪ. ಮೀಸೆಯ ಗಂಡಸು ಸ್ಟೇರಿಂಗ್ ಹಿಡಿದು ಬಳಪ ಕಡಿಯುವುದನ್ನು ನೋಡಿ ನಾನು ನಕ್ಕು ನಕ್ಕು ಸುಸ್ತಾಗುತ್ತಿದ್ದೆ. ಜಗಳೂರಿನ ಬಸ್ ನಿಲ್ದಾಣದ ಹತ್ತಿರ ಒಳ್ಳೆಯ ಬಳಪ ಸಿಗುತ್ತಿತ್ತು. ನಾನೇ ಡಬ್ಬಿಗಟ್ಟಲೆ ತಂದುಕೊಟ್ಟಿದ್ದೇನೆ. ರಕ್ತಹೀನತೆ ಇದ್ದವರಿಗೆ ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವ ಆಸೆ ಹುಟ್ಟುತ್ತದೆ ಎಂದು ಬಸುರಿಯರಿಗೆ ದಿನಾ ಭಾಷಣ ಮಾಡುತ್ತಿದ್ದವಳು ನಾನು. ಬಸುರಿಯರ ಬಾಯಲ್ಲಿದ್ದರೆ ಅದು ರೋಗಲಕ್ಷಣ, ಹಾಲೇಶಪ್ಪನ ಬಾಯಲ್ಲಿದ್ದರೆ ತಮಾಷೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಒಂದು ಮಂಗಳವಾರ ಹೊನ್ನಾಳಿಯಲ್ಲಿ ವ್ಯಾನಿನ ಪಕ್ಕದ ಹೋಟೆಲಿನವರು ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರು. ಎಲ್ಲರೂ ಸೀನಿದೆವು. ಹಾಲೇಶಪ್ಪ ಮೂರನೆಯ ಸೀನಿಗೆ ಪಕ್ಕೆ ಹಿಡಿದುಕೊಂಡು ಕೂತುಬಿಟ್ಟ. "ವಾಯು ಹಿಡ್ಕಂಡೈತೆ" ಎಂದು ಸಂಜೆಯವರೆಗೂ ಗಾಡಿ ಓಡಿಸಿದ. ಮರುದಿನ ನ್ಯಾಮತಿಯಲ್ಲಿ ಉಸಿರೆಳೆದರೆ ಮುಖ ಕಿವುಚುತ್ತಿದ್ದ. ಡಾಕ್ಟರು ಬೈದು ಹತ್ತಿರದಲ್ಲೇ ಎಕ್ಸ್‌ರೇ ತೆಗೆಸಿದರು. ಪಕ್ಕೆಲುಬು ಬಿರುಕು ಬಿಟ್ಟಿತ್ತು.

"ಸೀನಿದ್ದಕ್ಕೆ ಎಲುಬು ಮುರೀತಾ?" ಡಾಕ್ಟರು ಎಕ್ಸ್‌ರೇಯನ್ನು ಬಿಸಿಲಿಗೆ ಹಿಡಿದು ನಿಂತರು. "ಇವನ ಹಿಮ್ಮಡಿ ರಿಪೋರ್ಟ್ ತೆಗೀರಿ."

ರಿಜಿಸ್ಟರ್ ತೆಗೆದೆ. ಎಂಟು ವರ್ಷದ ರಿಜಿಸ್ಟರಿನಲ್ಲಿ ಹಾಲೇಶಪ್ಪನೆಂಬ ಮನುಷ್ಯನೇ ಇರಲಿಲ್ಲ. ಚನ್ನಗಿರಿಯ ವ್ಯಾಪಾರಿಗಳಿದ್ದರು, ಜಗಳೂರಿನ ಆ ಹೆಂಗಸು ಮೂರು ಹೆಸರಿನಲ್ಲಿ ಇದ್ದಳು. ನಾಲ್ಕು ತಾಲ್ಲೂಕಿನಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಕಾಲು ಕೊಟ್ಟವನು ಇರಲಿಲ್ಲ.

ನಾನು ವ್ಯಾನಿನ ಮುಂಭಾಗ ಜಾಲಾಡಿದೆ. ಡ್ಯಾಶ್‌ಬೋರ್ಡಿನಲ್ಲಿ ಚೀಟಿ, ಸೀಟಿನ ಕೆಳಗೆ ಚೀಟಿ, ಬಿಸಿಲು ಮರೆಯ ಪಟ್ಟಿಯಲ್ಲಿ ಸಿಕ್ಕಿಸಿದ ಚೀಟಿ, ಎಲೆ ಅಡಿಕೆ ಕಟ್ಟಿದ ಚೀಟಿ. ಎಲ್ಲವನ್ನೂ ಒಂದು ಜಗುಲಿಯ ಮೇಲೆ ಹರಡಿದೆವು. ಅವುಗಳಲ್ಲಿ ತಾರೀಖಿಲ್ಲ, ಹೆಸರಿಲ್ಲ. ಬೆನ್ನಿನ ಮೇಲಿದ್ದ ಕಿಲೋಮೀಟರ್ ನೋಡಿ ಸಾಲಾಗಿ ಜೋಡಿಸಿ, ಒಂದೊಂದನ್ನೇ ಮಗುಚುತ್ತ ಬಂದೆ. ಗಾಡಿಯ ಕಿಲೋಮೀಟರ್ ಏರಿದ ಹಾಗೆಲ್ಲ ಹಾಲೇಶಪ್ಪನ ಎಲುಬು ಇಳಿದಿತ್ತು. ಕೊನೆಯ ಚೀಟಿಗಳಲ್ಲಿ ಮೈನಸ್ ಮೂರು ದಾಟಿತ್ತು. ಡಾಕ್ಟರು ಜಗುಲಿಯ ಮೇಲೆ ಕುಕ್ಕರಿಸಿದರು.

"ಎಲ್ಲಾ ನನ್ನ ಕೈಯಾರೆ ಹರಿದುಕೊಟ್ಟಿದ್ದು," ಎಂದರು. ಆ ಗಟ್ಟಿ ಧ್ವನಿ ಅಷ್ಟು ಸಣ್ಣಗಾದದ್ದನ್ನು ನಾನು ಮೊದಲ ಸಲ ಕೇಳಿದೆ.

"ರಕ್ತ ನೋಡಬೇಕು," ಎಂದೆ.

ಹಾಲೇಶಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡ. "ಬ್ಯಾಡ್ರಿ. ಎಲುಬಿಗೆ ಪಟ್ಟಿ ಹಾಕ್ರಿ, ಸಾಕು. ರಕ್ತ ಇಲ್ಲ ಅಂತ ಬರ್ದ್ರೆ ಗಾಡಿ ಬಿಡಿಸ್ತಾರೆ."

"ಬಿಡಿಸಲ್ಲ ಕಣಪ್ಪಾ," ಎಂದರು ಡಾಕ್ಟರು.

"ಬರ್ದು ಕೊಡ್ತೀರಾ?"

ಬರೆದುಕೊಡುವುದು ಡಾಕ್ಟರ ಕೈಯಲ್ಲಿರಲಿಲ್ಲ. ಕೊನೆಗೆ ಹಾಲೇಶಪ್ಪ ಒಂದು ಷರತ್ತು ಹಾಕಿದ. ಡ್ರೈವರ್ ಸೀಟಿನಲ್ಲಿ ಕೂತೇ ಬೆರಳು ಕೊಡುತ್ತಾನೆ, ಎಡಗೈಯದು ಮಾತ್ರ, ಬಲಗೈ ಸ್ಟೇರಿಂಗ್ ಮೇಲೆ ಇರುತ್ತದೆ. ನಾನು ಬಾಗಿಲಿನ ಮೆಟ್ಟಿಲಲ್ಲಿ ನಿಂತು ಚುಚ್ಚಿದೆ. ಹನಿ ಬರಲು ಬೆರಳು ಹಿಂಡಬೇಕಾಯಿತು. ರಕ್ತದ ಯಂತ್ರ ಹಿಮೋಗ್ಲೋಬಿನ್ ಆರು ಚಿಲ್ಲರೆ ಎಂದಿತು. ಹದಿಮೂರಾದರೂ ಇರಬೇಕಾದ ಕಡೆ ಆರು.

"ಪಾಸೋ ಫೇಲೋ?" ಎಂದು ಕೇಳಿದ.

ಡಾಕ್ಟರು ನನ್ನನ್ನು ದೂರ ಹೋಗಿ ನಿಲ್ಲಲು ಹೇಳಿದರು. ಹೋದೆ, ಆದರೆ ವ್ಯಾನಿನ ತಗಡಿಗೆ ಮಾತು ತಡೆಯುವ ಶಕ್ತಿ ಇಲ್ಲ. ಮೂರು ನಾಲ್ಕು ವರ್ಷದಿಂದ ಮೂಲವ್ಯಾಧಿ, ದಿನಾ ರಕ್ತ ಹೋಗುತ್ತಿತ್ತು. ಸೀಟಿನ ಮೇಲೆ ಮಡಿಸಿದ ಕಂಬಳಿ ಹಾಕಿಕೊಂಡು ಓಡಿಸುತ್ತಿದ್ದ. ಹೊಟ್ಟೆಯೂ ಉರಿಯುತ್ತಿತ್ತಂತೆ, ಊಟ ಸೇರುತ್ತಿರಲಿಲ್ಲವಂತೆ. "ರಕ್ತ ನೋಡೋರು ಹೆಣ್ಮಕ್ಕಳು. ಅವ್ರ ಮುಂದೆ ಇದನ್ನ ಹೆಂಗ್ರೀ ಹೇಳ್ಲಿ ಸಾರ್?" ಎಂಬ ಮಾತು ಸ್ಪಷ್ಟವಾಗಿ ಕೇಳಿಸಿತು.

ಶಿವಮೊಗ್ಗದ ದೊಡ್ಡ ಆಸ್ಪತ್ರೆಯೊಂದಕ್ಕೆ ಕೂಡಲೇ ಸೇರಿಸಬೇಕಿತ್ತು. ಆಂಬುಲೆನ್ಸ್ ಕರೆಯೋಣವೆಂದರೆ ಹಾಲೇಶಪ್ಪ ಸೀಟಿನಿಂದ ಇಳಿಯಲೇ ಇಲ್ಲ. "ಗಾಡಿ ಇಲ್ಲಿ ಬಿಟ್ಟು ನಾನು ಬರಂಗಿಲ್ಲ. ಬೇಕಾದ್ರೆ ನೀವು ಹತ್ರಿ." ಒಂದು ಗಂಟೆ ವಾದ ಮಾಡಿ ಸೋತು ಹತ್ತಿದೆವು. ಇದನ್ನು ಓದುವ ಕಿರಿಯರು ಹಾಗೆ ಮಾಡಬೇಡಿ, ಅವನು ಅಲ್ಲೇ ಕಣ್ಣಿಗೆ ಕತ್ತಲೆ ಬಂದು ಬಿದ್ದಿದ್ದರೆ ದಾರಿಯಲ್ಲಿದ್ದವರೂ ಉಳಿಯುತ್ತಿರಲಿಲ್ಲ. ನಾನು ಮುಂದೆ ಕೂತು ಅವನ ಮುಖವನ್ನೇ ನೋಡುತ್ತಿದ್ದೆ. ಡಾಕ್ಟರು ಹಿಂದೆ ರೋಗಿಗಳ ಬೆಂಚಿನ ಮೇಲೆ ಕೂತಿದ್ದರು. ರಸ್ತೆಯ ಪ್ರತಿ ಉಬ್ಬಿಗೂ ಅವರು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಜಾರುವ ಸದ್ದು ಕೇಳುತ್ತಿತ್ತು.

ಮೊದಲೇ ಫೋನ್ ಮಾಡಿದ್ದರಿಂದ ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಸಿದ್ಧವಿತ್ತು. ಹಾಲೇಶಪ್ಪ ನೀಟಾಗಿ ರಿವರ್ಸ್ ತೆಗೆದು ನಿಲ್ಲಿಸಿ, ಇಳಿದು, ಹಿಂಬಾಗಿಲು ತೆಗೆದ. ಒಳಗೆ ಡಾಕ್ಟರು ಬೆವರಿ, ಬಿಳಿಚಿಕೊಂಡು, ವಾಂತಿ ತಡೆದುಕೊಂಡು ಕೂತಿದ್ದರು. ಇಬ್ಬರು ಬಂದು ಅವರನ್ನು ಎತ್ತಿ ಸ್ಟ್ರೆಚರ್ ಮೇಲೆ ಮಲಗಿಸಿದರು. "ನಾನಲ್ಲ, ಅವನು!" ಎಂದು ಡಾಕ್ಟರು ಕೂಗಿದರೆ, "ಆಯ್ತು ಯಜಮಾನ್ರೇ, ಮಾತಾಡಬ್ಯಾಡ್ರಿ" ಎಂದು ಒಬ್ಬ ಎದೆ ನೇವರಿಸಿದ. ಹಾಲೇಶಪ್ಪ ಪಕ್ಕೆ ಹಿಡಿದುಕೊಂಡು ಸ್ಟ್ರೆಚರಿನ ಹಿಂದೆ ನಡೆದ, ನಗುವೂ ನೋವೂ ತಡೆಯಲಾರದೆ.

ರಕ್ತ ಏರಿಸಿದರು, ಎಲ್ಲ ಪರೀಕ್ಷೆ ಮಾಡಿದರು, ಮೂಲವ್ಯಾಧಿಗೆ ಆಪರೇಷನ್ ಆಯಿತು, ಉಂಡದ್ದನ್ನು ಹೀರದೆ ಎಲುಬು ಸವೆಸಿದ್ದ ಕರುಳಿಗೂ ಔಷಧಿ ಶುರುವಾಯಿತು. ನಾಲ್ಕನೆಯ ದಿನ ವಾರ್ಡಿನಲ್ಲಿ ಡಾಕ್ಟರು ಅವನ ಮಂಚದ ಪಕ್ಕ ಕೂತು, "ಇಷ್ಟು ವರ್ಷ ಯಾಕಪ್ಪಾ ಒಂದು ಮಾತೂ ಹೇಳ್ಲಿಲ್ಲ?" ಎಂದರು.

"ದಿನಾ ಕಾಲು ಕೊಟ್ಟೀನಲ್ರೀ ಸಾರ್," ಎಂದ ಹಾಲೇಶಪ್ಪ, ಸಿಟ್ಟಿಲ್ಲದೆ. "ಏನಾರ ಇದ್ರೆ ನೀವೇ ಹೇಳ್ತೀರಿ ಅನ್ಕಂಡಿದ್ದೆ."

ನಾನು ಹೊರಗೆ ಬಂದು ವರಾಂಡದಲ್ಲಿ ಅತ್ತೆ.

ರಕ್ತ ಕೆಲವು ತಿಂಗಳಲ್ಲಿ ಸರಿಹೋಯಿತು. ಎಲುಬಿಗೆ ವರ್ಷಗಳು ಬೇಕು, ಔಷಧಿ ನಡೆದೇ ಇತ್ತು. ಅವನ ಸೀಟಿಗೆ ಬೇರೆಯವರನ್ನು ತರಬಾರದೆಂದು ಡಾಕ್ಟರು ಟ್ರಸ್ಟಿನವರ ಜೊತೆ ಜಗಳವಾಡಿ ವ್ಯಾನನ್ನು ನಿಲ್ಲಿಸಿಕೊಂಡೇ ಕೂತರು. ಶಿವಮೊಗ್ಗದ ಡಾಕ್ಟರುಗಳು ಪರೀಕ್ಷಿಸಿ, ಓಡಿಸಬಹುದು ಎಂದು ಬರೆದುಕೊಟ್ಟ ಮೇಲೆ ಮೊದಲ ಶಿಬಿರ ಸೂಳೆಕೆರೆಯ ದಂಡೆಯ ಒಂದು ಹಳ್ಳಿಯಲ್ಲಿ. ಜನ ಎಂದಿನಂತೆ ಯಂತ್ರದಿಂದ ನಾಲ್ಕು ಮಾರು ದೂರ ನಿಂತಿದ್ದರು. ಡಾಕ್ಟರು, "ಹಾಲೇಶಪ್ಪಾ!" ಎಂದು ಕೂಗಲು ಬಾಯಿ ತೆರೆದು, ಮುಚ್ಚಿದರು. ಆಮೇಲೆ ತಮ್ಮ ಬೂಟು ಬಿಚ್ಚಿದರು, ಕಾಲುಚೀಲ ಬಿಚ್ಚಿದರು. ಒಂಬತ್ತು ವರ್ಷದಲ್ಲಿ ನಾನು ನೋಡದ ಆ ಹಿಮ್ಮಡಿ ಜಗಳೂರಿನ ಯಾರ ಹಿಮ್ಮಡಿಗಿಂತಲೂ ಹೆಚ್ಚು ಒಡೆದಿತ್ತು. ಚೀಟಿ ಬಂದಿತು. ಅದನ್ನು ಜನರಿಗೆ ತೋರಿಸದೆ ಬಹಳ ಹೊತ್ತು ಓದಿಕೊಂಡು ನನ್ನ ಕೈಗೆ ಕೊಟ್ಟು, "ನನ್ನ ಹೆಸರು ಬರೀರಿ" ಎಂದರು. ಆಮೇಲೆ ಎಡಗಡೆ ಕಿಟಕಿಗೆ ಬಂದು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಬೆರಳನ್ನೂ ಚಾಚಿದರು.

ಹಾಲೇಶಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಸಾಲಿನಲ್ಲಿ ನಿಂತಿದ್ದ, ಹಳ್ಳಿಯವರ ನಡುವೆ, ಹದಿನೇಳನೆಯವನಾಗಿ. ಯಾರೋ ಮುಂದೆ ಹೋಗು ಎಂದರೂ ಹೋಗಲಿಲ್ಲ. ಅವನ ಸರದಿ ಬಂದಾಗ ಹೆಸರು, ವಯಸ್ಸು, ಕೆಲಸ ಎಲ್ಲ ಕೇಳಿ ಬರೆದೆ. ಗೊತ್ತಿದ್ದೂ ಕೇಳಿದೆ. ಅವನೂ ಗಂಭೀರವಾಗಿ ಹೇಳಿದ. ಯಂತ್ರದಿಂದ ಚೀಟಿ ಹೊರಬಂದ ಕೂಡಲೇ ಅಭ್ಯಾಸಬಲದಿಂದ ಅವನ ಕೈ ಮುಂದೆ ಬಂತು. ಆ ಚೀಟಿಯನ್ನು ನಾನು ಕೊಡಲಿಲ್ಲ. ಕಿಲೋಮೀಟರ್ ಬರೆದುಕೊಳ್ಳಲು ಬೇರೆ ಕಾಗದ ಕೊಟ್ಟೆ.